ಓಲೆಯೊಳಗಿನ ಎರಡನೆಯ ಗೆರೆ

ಅಯ್ಯಾಸಾಮಿ ವೀಳ್ಯದೆಲೆಯನ್ನು ಮಗುಚಿ, ಅದರ ಬೆನ್ನ ಮೇಲೆ ವಜ್ರದ ಓಲೆಗಳನ್ನು ಇಟ್ಟರು. ಪೀಳಮೇಡಿನ ಆ ಮನೆಯ ಪಡಸಾಲೆಯಲ್ಲಿ ನೆರೆದ ನೆಂಟರೆಲ್ಲ ಅತ್ತ ಕತ್ತು ಚಾಚಿದರು.

ಅದರ ಅರ್ಥ ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಕೊಯಮತ್ತೂರಿನ ಒಡವೆ ಅಂಗಡಿಗಳ ಬೀದಿಯಲ್ಲಿ ತಲೆ ನರೆಯುವಷ್ಟು ಕಾಲ ಕಲ್ಲು ಪರೀಕ್ಷೆ ಮಾಡಿದ ಅಯ್ಯಾಸಾಮಿ ತೀರ್ಪನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಕಲ್ಲು ನಿಜವಾದರೆ ಎಲೆಯ ನುಣುಪಾದ ಮುಖದ ಮೇಲೆ ಇಡುವರು. ಅಲ್ಲವಾದರೆ ನರ ಎದ್ದ ಬೆನ್ನ ಮೇಲೆ. ಒಂದು ಮನೆಯ ಮಾನದ ವಿಷಯವನ್ನು ಕೂಗಿ ಹೇಳಬಾರದು ಎಂಬುದು ಅವರ ನೇಮ.

ಆದರೆ ಈ ದಿನ ಎಲೆಯೇ ಕೂಗಿ ಹೇಳಿದಂತಾಗಿತ್ತು. ಅದು ೧೯೮೪ರ ಆವಣಿ, ಶ್ರಾವಣದ ಹೊತ್ತಿನ ತಿಂಗಳು. ಲಕ್ಷ್ಮಿಯಮ್ಮಾಳ್ ತನ್ನ ಮಗಳು ಸಾಂತಿಯ ನಿಶ್ಚಯಕ್ಕೆಂದು ತನ್ನ ಓಲೆಗಳನ್ನೇ ಬಿಚ್ಚಿ ತಟ್ಟೆಯಲ್ಲಿಟ್ಟಿದ್ದಳು. ಬರಿದಾದ ಕಿವಿಯ ತೂತುಗಳಲ್ಲಿ ಬೇವಿನ ಕಡ್ಡಿಗಳಿದ್ದವು.

"ಏನಣ್ಣಾ ಇದು?" ಎಂದಳು. "ನನ್ನ ಕಲ್ಯಾಣಕ್ಕೆ ನೀವೇ ಆರಿಸಿ ಕೊಟ್ಟ ತೋಡಲ್ವಾ ಈ ಓಲೆ?"

ಗಂಡಿನ ತಂದೆ, ಪೊಳ್ಳಾಚಿಯ ತೆಂಗಿನ ತೋಟದ ರಾಮಸಾಮಿ, ಹೆಗಲ ಮೇಲಿನ ಟವಲು ಕೊಡವಿ ಎದ್ದರು. "ಅವರು ಆರಿಸಿದ್ದು ವೈರ, ಅಸಲಿ ವಜ್ರ. ತಟ್ಟೇಲಿರೋದು ಜಿರ್ಕಾನೋ ಏನೋ ಅಗ್ಗದ ಕಲ್ಲು. ನಡುವೆ ವೈರ ತಾನೇ ಬಸ್ ಹತ್ತಿ ಹೋಯ್ತುಂಗಳಾ?"

ಯಾರೋ ನಕ್ಕರು. ಸಾಂತಿ ಕೋಣೆಯ ಬಾಗಿಲನ್ನು ಹಿಡಿದು ನಿಂತಳು.

ಅಯ್ಯಾಸಾಮಿಗೂ ಎದೆ ಒಡೆದಂತಾಗಿತ್ತು. ಲಕ್ಷ್ಮಿ ಅವರ ಊರಿನವಳು, ತಂಗಿಯ ಲೆಕ್ಕ. ಇವಳು ಕಲ್ಲು ಮಾರಿಕೊಂಡಳೇ? ಕಣ್ಣಾರೆ ಕಂಡದ್ದನ್ನು ಇಲ್ಲವೆನ್ನುವುದು ಹೇಗೆ? ಭೂತಗನ್ನಡಿಯಲ್ಲಿ ನೋಡಿದರೆ ವಜ್ರದ ತಳದ ಅಂಚು ಒಂದೇ ಗೆರೆಯಾಗಿ ಕಾಣಬೇಕು. ಜಿರ್ಕಾನ್ ಆದರೆ ಅದೇ ಅಂಚು ಎರಡೆರಡಾಗಿ ಕಾಣುತ್ತದೆ. ಇಲ್ಲಿ ಎರಡು ಕಂಡಿತ್ತು, ಅದೂ ಎರಡೂ ಓಲೆಗಳ ಎಲ್ಲ ಕಲ್ಲುಗಳಲ್ಲಿ.

"ಇನ್ನೊಂದ್ ಸಲ ಪಾರುಂಗಣ್ಣಾ, ಸರಿಯಾಗಿ ನೋಡಿ," ಲಕ್ಷ್ಮಿಯಮ್ಮಾಳ್ ಅವರ ಮುಂದೆ ಕುಸಿದು ಕೂತಳು. "ಹೆತ್ತ ಮಗಳಿಗೆ ಪೊಯ್ ಕಲ್ಲು, ಸುಳ್ಳು ಕಲ್ಲು ಕೊಡೋಳಾ ನಾನು?"

ಕಾಂಗೇಯದ ಕಡೆಯ ಕೆಮ್ಮಣ್ಣಿನ ಹೊಲದಲ್ಲಿ ಹುಟ್ಟಿದವರು ಅಯ್ಯಾಸಾಮಿ. ಮಳೆ ನಿಂತ ಮೇಲೆ ಅಲ್ಲಿ ಮಣ್ಣಿನಿಂದ ತಿಳಿನೀಲಿ ಕಲ್ಲುಗಳು ತಲೆಯೆತ್ತುತ್ತಿದ್ದವು. ಅವನ್ನು ಆಡುಗಳಿಗೆ ಎಸೆಯುತ್ತಿದ್ದ ಹುಡುಗನನ್ನು ಒಬ್ಬ ಮುದಿ ವ್ಯಾಪಾರಿ ಕರೆದೊಯ್ದು ಈ ವಿದ್ಯೆ ಕಲಿಸಿದ್ದ. ಮೊದಲ ಪಾಠವೇ, ಕಲ್ಲನ್ನು ತಿರುಗಿಸದೆ ನಂಬಬೇಡ ಎಂಬುದು. ಕಲ್ಲಿನೊಳಗಿನ ಗುಣ ಕಲ್ಲಿನ ಜೊತೆಗೇ ತಿರುಗುತ್ತದೆ. ಈಚೆಗೆ ಅವರು ಅಷ್ಟು ತಿರುಗಿಸುತ್ತಿರಲಿಲ್ಲ. ಒಂದು ನೋಟ ಸಾಕಾಗುತ್ತಿತ್ತು.

ಈಗ ತಿರುಗಿಸಿದರು. ಓಲೆ ಪೂರ್ತಿ ಒಂದು ಸುತ್ತು ಬಂತು. ಎರಡನೆಯ ಗೆರೆ ಮಾತ್ರ ಪ್ರತಿ ಅಂಚಿನ ಮೇಲೂ ಬಲಗಡೆಗೇ ಇತ್ತು. ಕಲ್ಲು ತಿರುಗಿದರೂ ಅದು ತಿರುಗಲಿಲ್ಲ.

ಅವರು ಭೂತಗನ್ನಡಿಯನ್ನು ತಮ್ಮ ಹೆಬ್ಬೆರಳಿನ ಮೇಲೆ ಹಿಡಿದರು. ಉಗುರಿನ ಅಂಚು ಎರಡು. ಪಕ್ಕದಲ್ಲಿ ಕೂತಿದ್ದ ಹೆಂಡತಿ ಜಾನಮ್ಮನ ಗಾಜಿನ ಬಳೆಯ ಗೀರು ಎರಡು. ಭೂತಗನ್ನಡಿಯನ್ನು ಎಡಗಣ್ಣಿಗೆ ಬದಲಿಸಿದರು: ಗೀರು ಒಂದೇ.

ರಾಮಸಾಮಿ ಆಗಲೇ ಚಪ್ಪಲಿಗೆ ಕಾಲು ತೂರಿಸುತ್ತಿದ್ದರು. ಬಾಯಿ ಮುಚ್ಚಿಕೊಂಡಿದ್ದರೆ ಸಂಬಂಧ ಮುರಿಯುತ್ತದೆ, ಅಯ್ಯಾಸಾಮಿಯ ಹೆಸರು ಉಳಿಯುತ್ತದೆ. ಬಾಯಿ ಬಿಟ್ಟರೆ ನಾಳೆಯಿಂದ ಒಬ್ಬರೂ ಅವರ ಮುಂದೆ ಕಲ್ಲು ಇಡುವುದಿಲ್ಲ.

"ಕೂರುಂಗ ರಾಮಸಾಮಿ," ಎಂದರು. "ಕಲ್ಲು ಸರಿಯಾಗಿದೆ. ನನ್ನ ಬಲಗಣ್ಣು ಕೆಟ್ಟಿದೆ."

"ಅಡೇಯಪ್ಪಾ! ಆಗ ಕಲ್ಲು ಕೆಟ್ಟಿತ್ತು, ಈಗ ಕಣ್ಣು ಕೆಟ್ತು. ಇನ್ನೊಂದ್ ಗಳಿಗೆ ಕೂತ್ರೆ ಮಾಪಿಳ್ಳೆ, ಮದುವೆ ಗಂಡೇ ಕೆಟ್ಟಿದ್ದಾನೆ ಅಂತೀರೇನೋ!"

"ನನ್ನ ಮಾತು ಬೇಡ. ನೀವೇ ನೋಡಿ. ಬಲಗಿವಿಯ ತೋಡು, ನಡುಗಲ್ಲು. ಒಳಗೆ ಒಂದು ಕರಿ ಚುಕ್ಕೆ, ಅದಕ್ಕೆ ಅಂಟಿಕೊಂಡ ಹಾಗೆ ಗರಿಯಂಥ ಬಿರುಕು. ಲಕ್ಷ್ಮಿಯ ಕಲ್ಯಾಣಕ್ಕೆ ಆರಿಸುವಾಗ ನಾನು ಕಂಡ ಕುಂದು ಅದು. ಬೇರೆ ಕಲ್ಲಾದ್ರೆ ಅದಿರೋಲ್ಲ."

ರಾಮಸಾಮಿ ಒಲ್ಲದ ಮನಸ್ಸಿನಿಂದಲೇ ಕಿಟಕಿಯ ಬೆಳಕಿಗೆ ಹೋದರು. ಭೂತಗನ್ನಡಿ ಹಿಡಿಯುವುದನ್ನು ಅಯ್ಯಾಸಾಮಿ ತೋರಿಸಿಕೊಟ್ಟರು. ಮನೆಯೆಲ್ಲ ರಾಮಸಾಮಿಯ ಬಗ್ಗಿದ ಬೆನ್ನನ್ನೇ ನೋಡಿತು.

"ಇದೆ," ಎಂದರು ರಾಮಸಾಮಿ ಕಡೆಗೆ. "ಚುಕ್ಕೆ ಇದೆ. ಗರಿಯೂ ಇದೆ."

"ಕೆಳಗಿನ ಅಂಚಲ್ಲಿ ಗೆರೆ ಎಷ್ಟು?"

"ಒಂದೇ."

ಲಕ್ಷ್ಮಿಯಮ್ಮಾಳ್ ಅಳಲೂ ಇಲ್ಲ, ನಗಲೂ ಇಲ್ಲ. ಬಾಯಿ ತೆರೆದು ಅಯ್ಯಾಸಾಮಿಯನ್ನೇ ನೋಡುತ್ತಿದ್ದಳು. ರಾಮಸಾಮಿ ಚಪ್ಪಲಿ ಬಿಟ್ಟು ಒಳಗೆ ಬಂದು, "ಮನಸ್ಸಿಗೆ ಹಚ್ಕೋಬೇಡಮ್ಮಾ, ಬಾಯಿ ಜಾರ್ತು," ಎಂದರು. ಒಳಗಿನಿಂದ ಪಾಯಸದ ತಪ್ಪಲೆ ಇಳಿಸುವ ಸದ್ದು ಕೇಳಿಸಿತು.

ಅಯ್ಯಾಸಾಮಿ ಕೂತಲ್ಲೇ ಕೂತಿದ್ದರು. ಹೆಂಡತಿಯ ಕಡೆ ಬಾಗಿ ಕೇಳಿದರು: "ಜಾನೂ, ನಾನು ಯಾವಾಗಿನಿಂದ ಹೀಗಿದ್ದೀನಿ?"

"ಏನುಂಗ, ಪೊಂಗಲ್‌ನಿಂದಲೇ ನೀವು ಚೊಂಬಿನ ನೀರನ್ನ ಲೋಟದ ಪಕ್ಕಕ್ಕೆ ಹೊಯ್ತಿದ್ದೀರಿ. ವಯಸ್ಸಾಯ್ತು ಅಂದ್ಕೊಂಡೆ."

ಪೊಂಗಲ್‌ನಿಂದ! ಅಂದಿನಿಂದ ತಾವು ಮಗುಚಿದ ಎಲೆಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. ಎರಡು ತಿಂಗಳ ಹಿಂದೆ, ಆನಿಯಲ್ಲಿ, ಕರುಮತ್ತಂಪಟ್ಟಿಯ ಅಂಗಮ್ಮ ಬಂದಿದ್ದಳು, ಮಗ್ಗದವನ ಹೆಂಡತಿ. ಅವಳ ತಾಯಿಯ ಮೂಗುತಿಯನ್ನು ಎಲೆಯ ಬೆನ್ನ ಮೇಲೆ ಇಟ್ಟಾಗ ಅವಳ ಗಂಡ, "ಕಲ್ಲು ಬದಲಾಯಿಸಿ ಯಾರಿಗೆ ಕೊಟ್ಟೆ, ಸೊಲ್ಲು, ಹೇಳು!" ಎಂದು ಅಂಗಡಿಯಲ್ಲೇ ಕೈಯೆತ್ತಿದ್ದ. ಅವಳು ಅಯ್ಯಾಸಾಮಿಯ ಮುಖವನ್ನೇ ನೋಡಿದ್ದಳು. ಅವರು ನೇಮದಂತೆ ಬಾಯಿ ಬಿಡದೆ ಕೂತಿದ್ದರು.

ಅವರು ಗೋಡೆ ಹಿಡಿದು ಎದ್ದರು.

"ಎಲ್ಲಿಗೆ ಅಣ್ಣಾ? ಎಲೆ ಹಾಕಿದೆ, ಸಾಪಾಟು ಮುಗಿಸಿ ಹೋಗುಂಗ," ಎಂದಳು ಲಕ್ಷ್ಮಿಯಮ್ಮಾಳ್.

"ಬೇಡ ತಾಯಿ," ಎಂದರು ಅಯ್ಯಾಸಾಮಿ. ಬಾಗಿಲು ದಾಟುವಾಗ ಹೊಸ್ತಿಲು ಎಡವಿದರು. "ಕರುಮತ್ತಂಪಟ್ಟಿ ಬಸ್ ಎಲ್ಲಿ ನಿಲ್ತದೆ, ಅದನ್ ಹೇಳು."