ಬಾಯಲ್ಲಿ ನೀರಿಟ್ಟುಕೊಂಡು ನಡೆದವಳು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಔಷಧಿ ತಂದದ್ದು ಹಿತ್ತಾಳೆ ಗಿಂಡಿಯಲ್ಲೋ ಸ್ಟೀಲ್ ಲೋಟದಲ್ಲೋ, ಖಚಿತವಿಲ್ಲ. ಬಾಯಲ್ಲಿದ್ದ ನೀರು ಬೆಚ್ಚಗಾಗುತ್ತ ಹೋದದ್ದು ಮಾತ್ರ ಖಚಿತ ಎಂದು ಮೊನ್ನೆಮೊನ್ನೆಯವರೆಗೆ ನಂಬಿದ್ದೆ.

ಪದವಿ ಮುಗಿಸಿ ಶಿಕಾರಿಪುರದ ಮನೆಯಲ್ಲಿ ಕೂತು, ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಕೋರ್ಸಿಗೆ ಅರ್ಜಿ ಹಾಕುತ್ತಿದ್ದೆ. ಅಂಕಪಟ್ಟಿಯ ಜೊತೆ ಒಂದು ಪ್ರಬಂಧ ಕೇಳಿದ್ದರು: ಈ ಕೆಲಸಕ್ಕೆ ಏಕೆ ಬರಬೇಕೆಂದಿದ್ದೀರಿ, ನಿಮ್ಮ ಬದುಕಿನಿಂದಲೇ ಹೇಳಿ. ಮೊದಲು ಬರೆದದ್ದು ಯಾರ ಅರ್ಜಿಗಾದರೂ ಹೊಂದುವಂತಿತ್ತು. ಸೇವೆ, ಕನಸು, ಸಮಾಜ. ಅಳಿಸಿಹಾಕಿದೆ. ಆಮೇಲೆ ಅಜ್ಜನ ಕಾಮಾಲೆ ನೆನಪಾಯಿತು.

ಅಜ್ಜನ ಊರು ಕುಬಟೂರಿನ ಹತ್ತಿರ. ಆ ಬೇಸಿಗೆ ರಜೆಗೆ ನಾನೂ ಚಿಕ್ಕಮ್ಮನ ಮಗಳೂ ಅಲ್ಲಿದ್ದೆವು. ಅವಳು ನನಗಿಂತ ಸ್ವಲ್ಪ ಚಿಕ್ಕವಳು. ಅಜ್ಜನ ಕಣ್ಣು ಹಳದಿಯಾದಾಗ ಊರಿನ ಆ ತುದಿಯ ಮನೆಯವರು ಸೊಪ್ಪು ಅರೆದು ಔಷಧಿ ಕೊಟ್ಟರು. ತರುವವರು ದಾರಿಯಲ್ಲಿ ಮಾತಾಡಿದರೆ ಔಷಧಿ ಹಿಡಿಯುವುದಿಲ್ಲ ಎಂಬುದು ಅಲ್ಲಿಯ ನೇಮ. ಮಕ್ಕಳನ್ನು ಕಳಿಸುವಾಗ ಬಾಯಿ ತುಂಬ ನೀರು ಹಾಕಿ ಕಳಿಸುತ್ತಿದ್ದರು, ನುಂಗಬಾರದು, ಉಗುಳಬಾರದು. ನನ್ನ ಪ್ರಬಂಧದಲ್ಲಿ ಆ ಮಗು ನಾನು. ದಾರಿಯಲ್ಲಿ ಆಸ್ಪತ್ರೆಯ ನರ್ಸಮ್ಮ ಎದುರಾಗಿ, "ಯಾರಿಗೆ ಹುಷಾರಿಲ್ಲ ಪುಟ್ಟಿ?" ಎಂದು ಕೇಳುತ್ತಾರೆ. ನಾನು ಸುಮ್ಮನೆ ತಲೆಯಾಡಿಸಿ ಮುಂದೆ ಹೋಗುತ್ತೇನೆ. ಅಜ್ಜನನ್ನು ಶಿವಮೊಗ್ಗಕ್ಕೆ ಒಯ್ಯುವ ಹೊತ್ತಿಗೆ ತಡವಾಗಿತ್ತು, ಅವರು ಉಳಿಯಲಿಲ್ಲ. ಅವತ್ತು ಹೇಳಲಾಗದ ಒಂದು ಮಾತಿಗಾಗಿ ಈ ಓದು ಎಂದು ಬರೆದು ಮುಗಿಸಿದ್ದೆ.

ನನ್ನ ನೆನಪನ್ನು ನಾನೇ ನಂಬುವವಳಲ್ಲ. ಇಂಗ್ಲಿಷಿಗೆ ತಿರುಗಿಸುವ ಮೊದಲು ಕನ್ನಡದ ಕರಡನ್ನು ಸೊರಬದಲ್ಲಿರುವ ಚಿಕ್ಕಮ್ಮನಿಗೆ ವಾಟ್ಸಾಪಿನಲ್ಲಿ ಕಳಿಸಿದೆ. ಆ ರಜೆಯಲ್ಲಿ ನಮ್ಮನ್ನು ನೋಡಿಕೊಂಡವಳು ಅವಳೇ. ವಾಯ್ಸ್ ಮೆಸೇಜಾಗಿ ಅವಳ ದನಿಯಲ್ಲೇ ಉತ್ತರ ಬಂತು: "ಎಲ್ಲಾ ಸರಿಯಾಗೈತೆ ಕಣೆ. ನೀನೇ ಹೋಗಿದ್ದು, ಕೆನ್ನೆ ಉಬ್ಬಿಸ್ಕಂಡು. ಬಾಯಿಗೆ ನೀರು ಹಾಕ್ದೋಳೇ ನಾನು. ಓದಿ ಅಳು ಬಂತು ನಂಗೆ."

ಸಂದರ್ಶನ ಆನ್‌ಲೈನಿನಲ್ಲಿತ್ತು. ಕನ್ನಡಕ ಹಾಕಿದ್ದ ಮೇಡಂ ಒಬ್ಬರು ನನ್ನ ಪ್ರಬಂಧವನ್ನು ಮುಂದಿಟ್ಟುಕೊಂಡು ಹೇಳಿದರು: "ಇದೇ ಅಜ್ಜ, ಇದೇ ನರ್ಸು, ಇದೇ ನೀರು ಇನ್ನೊಂದು ಅರ್ಜಿಯಲ್ಲೂ ಇದೆಯಲ್ಲಮ್ಮ. ಅದು ನಿಮ್ಮದಕ್ಕಿಂತ ಮೊದಲೇ ಬಂದಿದೆ."

ಎಲ್ಲಿಂದ ಎಂದೆ. ಸೊರಬದಿಂದ ಎಂದರು.

ಚಿಕ್ಕಮ್ಮನ ಮಗಳು, ನನ್ನ ತಂಗಿ, ಅರ್ಜಿ ಹಾಕಿದ್ದೇ ನನಗೆ ಗೊತ್ತಿರಲಿಲ್ಲ. ಸೀಟು ಅವಳಿಗೆ ಸಿಕ್ಕಿತು. ನಾನು ಕದ್ದವಳಾದೆ.

ಬಸ್ಸು ಹತ್ತಿ ಸೊರಬಕ್ಕೆ ಹೋದೆ. ಚಿಕ್ಕಮ್ಮ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದಳು.

"ಬಂದ್ಯಾ ತಾಯಿ? ಮುಖ ಯಾಕೆ ಸುಟ್ಟ ಬದ್ನೇಕಾಯಿ ಮಾಡ್ಕಂಡೀಯ?"

"ನಾನು ಬರ್ದಿದ್ದನ್ನ ಅವಳಿಗೆ ಯಾಕೆ ಕೊಟ್ಟೆ ಚಿಕ್ಕಮ್ಮ?"

"ಅಜ್ಜ ನಿಂಗೊಬ್ಬಳಿಗೇ ಅಜ್ಜನೇನೆ?"

"ಔಷಧಿ ತರಕ್ಕೆ ಹೋಗಿದ್ದು ನಾನು."

"ನೀನೆಲ್ಲಿ ಹೋಗಿದ್ದೆ ಮಾರಾಯ್ತಿ! ಜ್ವರ ಬಂದು ಚಾಪೆ ಮೇಲೆ ಮಲ್ಗಿದ್ದೆ. ಹೋಗಿದ್ದು ನಮ್ಮ ಕೂಸು. ಕೇಳಿ ಕೇಳಿ ನಿಂದೇ ಅನ್ಕಂಡೀಯ, ಅಷ್ಟೇಯ."

ಬಾಗಿಲಲ್ಲಿ ನಿಂತಿದ್ದ ತಂಗಿಯ ಕಡೆ ನೋಡಿದೆ. ಅವಳು ಬಾಗಿಲ ಚಿಲಕ ಹಿಡಿದುಕೊಂಡೇ, "ನಂಗೇನೂ ನೆನಪಿಲ್ಲ ಅಕ್ಕ. 'ನೀನೇ ಹೋಗಿದ್ದು' ಅಂತ ಅಮ್ಮ ನಂಗೆ ಹೇಳಿದ್ಲು, ಬರ್ದೆ," ಎಂದಳು.

ಬರುವ ವರ್ಷ ಮತ್ತೆ ಅರ್ಜಿ ಹಾಕಬಹುದು. ಏನು ಬರೆಯಲಿ? ಚಾಪೆಯ ಮೇಲೆ ಮಲಗಿದ್ದ ಹುಡುಗಿಗೆ ಹೇಳಲು ಕತೆಯಿಲ್ಲ. ಆ ನೀರಿನ ಬಿಸುಪು ನನ್ನ ಬಾಯಲ್ಲಿ ಇನ್ನೂ ಇದೆ. ಆದರೆ ಜ್ವರದ ಬಾಯಿಯೂ ಬೆಚ್ಚಗೇ ಇರುತ್ತದೆ.

ಅವತ್ತು ಜಗಲಿಯಲ್ಲೇ ಫೋನು ತೆಗೆದು, ಚಿಕ್ಕಮ್ಮನದೇ ದನಿಯನ್ನು ಅವಳಿಗೆ ಕೇಳಿಸಿ, ಒಂದು ಮಾತು ಕೇಳಿದೆ. ಚಿಕ್ಕಮ್ಮ ಮೊರ ಎತ್ತಿಕೊಂಡು ಒಳಗೆ ಹೋದಳು. ಊಟಕ್ಕೆ ಕರೆದಳು, ಎಲೆಗೆ ಮೊಸರು ಹೆಚ್ಚೇ ಬಡಿಸಿದಳು; ಆಮೇಲೆ ಹಬ್ಬಕ್ಕೆ ಫೋನೂ ಮಾಡಿದಳು. ನಾನು ಕೇಳಿದ್ದು ಮಾತ್ರ ಹಾಗೇ ಉಳಿದಿದೆ:

"ಇದ್ರಲ್ಲಿ ನಂಗೆ 'ನೀನೇ ಹೋಗಿದ್ದು' ಅಂದ್ಯಲ್ಲ ಚಿಕ್ಕಮ್ಮ, ಸುಳ್ಳು ಹೇಳಿದ್ದು ಆವಾಗ್ಲೋ, ಈಗ್ಲೋ?"