ಮೇಲಿನ ಆ ಒಂದು ಸ್ವರ

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಯಾರಾದರೂ ತಮಗಾದ ವಿಚಿತ್ರ ಅನುಭವ ಹೇಳಲು ಶುರು ಮಾಡಿದರೆ ಮೊದಲು ಅವರ ನಿದ್ದೆ, ಆಮೇಲೆ ಊಟ, ಕೊನೆಗೆ ಕನ್ನಡಕದ ನಂಬರು ವಿಚಾರಿಸುವುದು ನನ್ನ ಕ್ರಮವಾಗಿತ್ತು. ನಾನು ಸ್ಟಾಫ್ ರೂಮಿಗೆ ಕಾಲಿಟ್ಟರೆ ಇಂಥ ಕತೆಗಳಿಗೆ ಅರ್ಧಕ್ಕೇ ಕತ್ತರಿ ಬೀಳುತ್ತಿತ್ತು. ಈಗ ನನ್ನದೇ ಒಂದು ಹೇಳಬೇಕಾಗಿದೆ. ಆ ದಿನ ನನಗೆ ನಿದ್ದೆ ಸರಿಯಾಗಿರಲಿಲ್ಲ, ಊಟವೂ ಸೇರಿರಲಿಲ್ಲ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಓದುವವರು ಲೆಕ್ಕದಿಂದ ಅಷ್ಟನ್ನು ಕಳೆಯಲಿ. ಕಳೆದ ಮೇಲೂ ಏನೋ ಉಳಿಯುತ್ತದೆ, ನನ್ನ ತೊಂದರೆ ಅದೇ.

ಇದು ನಡೆದು ಮೂರು ವರ್ಷವಾಯಿತು. ನಮ್ಮ ಮನೆ ಕುಮಟಾದಲ್ಲಿ, ಶಾಲೆ ಹೊನ್ನಾವರದಲ್ಲಿ. ತವರು ಸಂತೆಗುಳಿ. ನಮ್ಮ ಕಡೆ ಹಿಂದೂಸ್ತಾನಿ ಸಂಗೀತದ ಹುಚ್ಚು ಮನೆಮನೆಗೂ ಇರುವುದರಿಂದ ನಾನೂ ಹನ್ನೆರಡು ವರ್ಷ ಕಲಿತೆ. ಕಛೇರಿ ಕೊಡುವಷ್ಟೇನೂ ಅಲ್ಲ, ಸುಮ್ಮನಿರಲು ಆಗದಷ್ಟು.

ಶಾಲೆಯ ಹಿಂದಿನ ಓಣಿಯಲ್ಲಿ ಫಿಲೋಮಿನಾ ಟೀಚರ್ ಇದ್ದಾರೆ. ನಾನು ಕೆಲಸಕ್ಕೆ ಸೇರಿದಾಗ ಅವರು ನಮ್ಮಲ್ಲಿ ಸಂಗೀತ ಕಲಿಸುತ್ತಿದ್ದರು, ಇಗರ್ಜಿಯಲ್ಲಿ ಹಾಡುವವರ ಗುಂಪನ್ನೂ ನಡೆಸುತ್ತಿದ್ದರು. ಹರೆಯದಲ್ಲಿ ಮುಂಬಯಿಯಲ್ಲಿದ್ದು ಪಾಶ್ಚಾತ್ಯ ಸಂಗೀತ ಕಲಿತವರು. ನಿವೃತ್ತರಾದ ಮೇಲೆ ಥೈರಾಯ್ಡ್ ಆಪರೇಷನ್ ಆಗಿ ದನಿ ಹೋಯಿತು, ಪಿಸುಮಾತು ಮಾತ್ರ ಉಳಿಯಿತು. ಒಂದು ದಿನ ಅವರು ನನಗೆ ಹಳದಿ ಬಣ್ಣಕ್ಕೆ ತಿರುಗಿದ ನಾಲ್ಕು ಹಾಳೆ ತೋರಿಸಿದರು. ಅದೊಂದು ಆರಿಯಾ. ಒಪೆರಾ ಎಂದರೆ ಕತೆಯನ್ನು ಹಾಡಿಯೇ ಆಡುವ ಯುರೋಪಿನ ನಾಟಕ. ಅದರಲ್ಲಿ ಒಬ್ಬರೇ ನಿಂತು ಹಾಡುವ ದೊಡ್ಡ ಹಾಡಿಗೆ ಆರಿಯಾ ಎನ್ನುತ್ತಾರೆ. ಇದು ಸೊಪ್ರಾನೊ, ಅಂದರೆ ಹೆಣ್ಣಿನ ಅತಿ ಎತ್ತರದ ದನಿಗೆಂದೇ ಬರೆದದ್ದು. ಮೈಕು ಗೀಕು ಇಲ್ಲ.

"ನಂಗೆ ಎಪ್ಪತ್ತೈದು ತುಂಬೂ ದಿವ್ಸ ಇದನ್ನ ಯಾರಾದ್ರೂ ನನ್ನೆದ್ರು ನಿಂತು ಹಾಡ್ಬೇಕು ತಂಗಿ. ಮೊಬೈಲಲ್ಲಿ ಕೇಳಿ ಸಾಕಾಯ್ತು" ಎಂದರು.

ಎಂಟು ತಿಂಗಳಿತ್ತು. ಹೊಗಳಿಕೆಗೆ ಉಬ್ಬುವ ಸ್ವಭಾವ ನನ್ನದು, ಆತು ಎಂದೆ.

ಪ್ರತಿ ಶನಿವಾರ ಶಾಲೆ ಬಿಟ್ಟ ಮೇಲೆ ಪಾಠ. ದನಿಯಿಲ್ಲದವರು ದನಿ ಕಲಿಸುವುದನ್ನು ನಾನು ಅಲ್ಲೇ ಕಂಡದ್ದು. ಅವರು ನನ್ನ ಸೊಂಟಕ್ಕೆ ಕೈಯಿಟ್ಟು ಉಸಿರು ಅಲ್ಲಿಯವರೆಗೆ ಇಳಿಯಿತೇ ಎಂದು ನೋಡುತ್ತಿದ್ದರು. ಆಕಳಿಕೆ ಬಂದಾಗ ಗಂಟಲು ಒಳಗಿನಿಂದ ಹೇಗೆ ಅಗಲವಾಗುತ್ತದೋ ಹಾಗೆ ಇಟ್ಟುಕೊಂಡು ಹಾಡಬೇಕು. ಎದೆಯ ದನಿ ಮುಗಿದು ತಲೆಯ ದನಿ ಶುರುವಾಗುವಲ್ಲಿ ಒಂದು ಸಂದು ಇರುತ್ತದೆ. ನನ್ನ ದನಿ ಅಲ್ಲಿ ಪ್ರತಿ ಸಲ ಎಡವುತ್ತಿತ್ತು. ಹಿಂದೂಸ್ತಾನಿಯ ತಾನ್‌ಗಳನ್ನು ಹಾಡಿ ರೂಢಿಯಿದ್ದುದರಿಂದ ಓಡುವ ಸ್ವರಗಳು ಬೇಗ ಬಂದವು. ಕಷ್ಟವಾದದ್ದು ಕೊನೆಯಲ್ಲಿ ಬರುವ ಒಂದು ಸ್ವರ. ಒಂದೇ ಉಸಿರಿನ ಕೊನೆಗೆ ಅಲ್ಲಿಗೆ ಹತ್ತಬೇಕು, ಹತ್ತಿ ನಿಲ್ಲಬೇಕು, ನಿಂತಲ್ಲೇ ಸಣ್ಣದು ಮಾಡುತ್ತಾ ಇಳಿಯಬೇಕು. ನಾವು ತಾರದ ಪಂಚಮ, ಅಂದರೆ ಮೇಲಿನ ಸ್ಥಾಯಿಯ 'ಪ' ಮುಟ್ಟಿದರೆ ಸಭೆ ಭಲೇ ಎನ್ನುತ್ತದೆ. ಇದು ಅದಕ್ಕಿಂತ ಎಷ್ಟೋ ಮೇಲೆ. ನಾನು ಹಾಡುವಾಗ ಟೀಚರ್ ನನ್ನ ಕಣ್ಣು ನೋಡುತ್ತಿರಲಿಲ್ಲ, ಬಾಯನ್ನೇ ನೋಡುತ್ತಿದ್ದರು. ಏಳನೇ ತಿಂಗಳಿಗೆ ಆ ಸ್ವರ ಹತ್ತರಲ್ಲಿ ಆರು ಸಲ ಬರತೊಡಗಿತು.

ಇನ್ನು ನಾನು ಮಾಡಿದ ತಪ್ಪು ಹೇಳಬೇಕು. ನಮ್ಮ ಸಂಗೀತದಲ್ಲಿ ಷಡ್ಜವೆಂಬ ಮೂಲಸ್ವರ ಎಲ್ಲಿಡಬೇಕೆಂಬುದು ಹಾಡುವವರ ಇಷ್ಟ. ಹಾರ್ಮೋನಿಯಂನವರು ಬಂದು ಕುಳಿತ ಕೂಡಲೇ 'ಯಾವ ಪಟ್ಟಿ' ಎಂದು ಕೇಳುತ್ತಾರೆ, ನಾವು ಹೇಳಿದಲ್ಲಿಂದ ನುಡಿಸುತ್ತಾರೆ. ನನ್ನದು ಕಪ್ಪು ನಾಲ್ಕು, ಅಂದರೆ ಹಾರ್ಮೋನಿಯಂನ ನಾಲ್ಕನೇ ಕಪ್ಪು ಮನೆ. ಎಂಟು ತಿಂಗಳೂ ಮೊಬೈಲಿನಲ್ಲಿ ಕಪ್ಪು ನಾಲ್ಕರ ತಂಬೂರಿ ಹಾಕಿಕೊಂಡು ಅದೇ ಷಡ್ಜದಿಂದ ಆರಿಯಾ ಕಲಿತೆ. ಟೀಚರ ಮನೆಯ ಕೀಬೋರ್ಡು ಸಮುದ್ರದ ಉಪ್ಪುಗಾಳಿಗೆ ಹಾಳಾಗಿ ಮೂಲೆ ಸೇರಿತ್ತು. ಗಂಟಲು ದಣಿಯಬಾರದೆಂದು ನಾನು ಬೇಕೆಂದೇ ಕೆಳಗಿನಿಂದ ಹಾಡುತ್ತಿದ್ದೇನೆ, ದಿನ ಹತ್ತಿರ ಬಂದಾಗ ಮೇಲಕ್ಕೆತ್ತುತ್ತೇನೆ ಎಂದು ಅವರು ತಿಳಿದಿದ್ದರು. ಇಬ್ಬರೂ ಬಾಯಿಬಿಟ್ಟು ಕೇಳಲಿಲ್ಲ.

ಎಂಟು ದಿನ ಉಳಿದಿರುವಾಗ ಕೀಬೋರ್ಡು ನುಡಿಸುವ ಪಿಂಟೊ ಮಾಸ್ತರು ಭಟ್ಕಳದಿಂದ ತಮ್ಮ ವಾದ್ಯ ತಂದು ಅಭ್ಯಾಸಕ್ಕೆ ಕುಳಿತರು. ಪಟ್ಟಿ ಕೇಳಲೇ ಇಲ್ಲ. ಎತ್ತರ ಹಾಳೆಯಲ್ಲೇ ಬರೆದಿತ್ತು, ಅದನ್ನು ನೋಡಿ ಶುರು ಮಾಡಿದರು. ನನಗೆ ಹಿತವಾಗಿದ್ದ ಜಾಗಕ್ಕಿಂತ ಸರಿಯಾಗಿ ನಾಲ್ಕು ಮನೆ ಮೇಲೆ. ಮೂರನೇ ಸಾಲಿಗೇ ನನ್ನ ದನಿ ಒಡೆಯಿತು.

"ಅಕ್ಕೋರೆ, ಇದ್ರಲ್ಲಿ ಒಂದು ಬಟನ್ ಅದೆ. ಒತ್ತಿರೆ ಇಡೀ ಹಾಡು ಕೆಳಗೆ ಬತ್ತದೆ" ಎಂದು ಮಾಸ್ತರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು.

ಟೀಚರ್ ತಲೆ ಅಲ್ಲಾಡಿಸಿದರು. "ಬರ್ದ ಜಾಗ ಅದು. ಇಳ್ಸಿರೆ ಅದೇ ಹಾಡಾಗುದಿಲ್ಲ."

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎನ್ನಿಸಿಕೊಳ್ಳಲು ನನಗೆ ಮನಸ್ಸಿರಲಿಲ್ಲ. ಬಟನ್ ಬೇಡ ಎಂದೆ. ಮೂರು ದಿನ ಮೇಲೆ ಹತ್ತಲು ಒದ್ದಾಡಿದೆ. ನಾಲ್ಕನೇ ದಿನ ಬೆಳಿಗ್ಗೆ ಮಾತೇ ಹೊರಡಲಿಲ್ಲ. ಕುಮಟಾದ ಗಂಟಲಿನ ಡಾಕ್ಟರು ಸಣ್ಣ ಕ್ಯಾಮರಾ ಇಳಿಸಿ ಪರದೆಯ ಮೇಲೆ ತೋರಿಸಿದರು. ಧ್ವನಿತಂತುಗಳ ಅಂಚಿನಲ್ಲಿ ಎರಡು ಪುಟ್ಟ ಗಂಟು, ಒಂದು ಕಡೆ ಕೆಂಪು.

"ಕ್ಲಾಸಲ್ಲಿ ಕೂಗಿ ಕೂಗಿ ಆದದ್ದು. ಈಗ ಮೇಲೆ ಹೋಗ್ಬೇಡಿ ಅಕ್ಕೋರೆ. ಒಂದ್ಸಲ ಒಳಗೆ ರಕ್ತ ಒಡೆದ್ರೆ ದನಿ ಮೊದ್ಲಿನಂತೆ ಬತ್ತದೆ ಹೇಳಿ ನಾನು ಹೇಳೂಕೆ ಆಗುದಿಲ್ಲ."

ಮನೆಗೆ ಬಂದು ಗಂಡನಿಗೆ ಹೇಳಿದೆ. "ಇಲಿ ಬಂತು ಅಂದ್ರೆ ಹುಲಿ ಬಂತು ಹೇಳ್ತೆ ನೀನು" ಎಂದು ನಕ್ಕರು. ನನಗೆ ದನಿ ಎಂದರೆ ಹಾಡು ಮಾತ್ರವಲ್ಲ, ಸಂಬಳವೂ ಅದೇ. ಟೀಚರಿಗೆ ಮಾತ್ರ ಹೇಳಲಿಲ್ಲ. ಆಪರೇಷನ್ ಟೇಬಲ್ಲಿನ ಮೇಲೆ ದನಿ ಕಳೆದುಕೊಂಡವರ ಎದುರು ನನ್ನ ಎರಡು ಗಂಟಿನ ಕತೆ ಹೇಗೆ ಹೇಳಲಿ? ಉಳಿದ ನಾಲ್ಕು ದಿನ ಶಾಲೆಯಲ್ಲಿ ಬೋರ್ಡಿನ ಮೇಲೆ ಬರೆದೇ ಪಾಠ ಮಾಡಿದೆ. ಮಕ್ಕಳು ಮೌನವ್ರತ ಎಂದು ಕಿಸಿಕಿಸಿ ನಕ್ಕರು. ನಾನು ಮನಸ್ಸಿನಲ್ಲಿ ಒಂದೇ ಲೆಕ್ಕ ಹಾಕುತ್ತಿದ್ದೆ: ಆ ಸ್ವರಕ್ಕೆ ಹೋದರೆ ದನಿ ಹೋಗಬಹುದು, ಹೋಗದಿದ್ದರೆ ಟೀಚರ ಎಂಟು ತಿಂಗಳು ಹೋಗುತ್ತದೆ.

ಭಾನುವಾರ ಸಂಜೆ ಐದಕ್ಕೆ ಇಗರ್ಜಿಯ ಪಕ್ಕದ ಸಭಾಗೃಹದಲ್ಲಿ ಕಾರ್ಯಕ್ರಮ. ಅರುವತ್ತು ಜನ ಇದ್ದರೇನೋ. ಕಿಟಕಿಗಳೆಲ್ಲ ತೆರೆದಿದ್ದವು, ಹೊರಗೆ ಇನ್ನೂ ಬಿಸಿಲಿತ್ತು. ಟೀಚರ್ ಮೊದಲ ಸಾಲಿನ ನಡುವೆ ಕುಳಿತು ಎಂದಿನಂತೆ ನನ್ನ ಬಾಯಿ ನೋಡುತ್ತಿದ್ದರು. ಗಂಡ ಮೂರನೇ ಸಾಲಿನಲ್ಲಿ ಮೊಬೈಲು ಹಿಡಿದಿದ್ದರು. ನನ್ನ ಅಂಗೈ ಬೆವರಿ ಸೀರೆಗೆ ಒರೆಸಿದ ಗುರುತು ಕಾಣುತ್ತಿತ್ತು.

ಮಾಸ್ತರು ಬರೆದ ಜಾಗದಿಂದಲೇ ಶುರು ಮಾಡಿದರು. ನಾನೂ ಹಾಡಿದೆ. ಸಂದನ್ನು ದಾಟಿದೆ, ಓಡುವ ಸ್ವರಗಳೂ ಹೇಗೋ ಆದವು. ಕೊನೆಯ ಏರಿಕೆಗೆ ಮೊದಲು ಉಸಿರು ತೆಗೆದುಕೊಂಡು ಹತ್ತತೊಡಗಿದಾಗ ಗಂಟಲ ಬಲಗಡೆ ಸೂಜಿ ಚುಚ್ಚಿದಂತಾಯಿತು. ನಾನು ಹೆದರಿದೆ. ಆ ಸ್ವರಕ್ಕೆ ಒಂದು ಮೆಟ್ಟಿಲು ಕೆಳಗೇ ನಿಲ್ಲಿಸಿಬಿಟ್ಟೆ. ಕೆಮ್ಮು ಒತ್ತಿಕೊಂಡು ಬಂತು, ಎಡಕ್ಕೆ ತಿರುಗಿ ಸೆರಗನ್ನು ಬಾಯಿಗೆ ಒತ್ತಿ ಕೆಮ್ಮಿದೆ. ಇಷ್ಟು ನನಗೆ ಸ್ಪಷ್ಟವಾಗಿ ನೆನಪಿದೆ, ಸೆರಗಿನ ಇಸ್ತ್ರಿಯ ವಾಸನೆ ಕೂಡ.

ಸ್ವರ ಮಾತ್ರ ಬಂತು.

ನನ್ನ ಕಿವಿಯ ಎತ್ತರದಲ್ಲಿ, ತೀರ ಹತ್ತಿರದಿಂದ. ಹಾಳೆಯಲ್ಲಿ ಇದ್ದಲ್ಲಿಯೇ, ಒಂದಿಷ್ಟೂ ಅಲುಗದೆ. ನಿಂತಿತು, ನಿಂತಲ್ಲೇ ಸಣ್ಣದಾಯಿತು, ಇಳಿಯಿತು. ಮಾಸ್ತರು ಕೀಬೋರ್ಡಿನ ಮೇಲೆ ಕೈಯೊತ್ತಿ ಹಿಡಿದು ಕಾಯುತ್ತಿದ್ದರು. ಅದು ಇಳಿದು ನನ್ನ ದನಿಗೆ ಸಿಗುವ ಜಾಗಕ್ಕೆ ಬಂದಾಗ, ಎಂಟು ತಿಂಗಳ ರೂಢಿಯಿಂದಲೋ ಏನೋ, ನಾನು ತಿರುಗಿ ಕೊನೆಯ ಸಾಲು ಹಾಡಿದೆ. ಜೋಡಿಸಿದ್ದು ಯಾರಿಗೂ ತಿಳಿಯಲಿಲ್ಲ. ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು, ಶಾಲು ಹೊದಿಸಿದರು. ನಾನು ನಿಂತು ಅದನ್ನು ಹೊದಿಸಿಕೊಂಡೆ. ನನ್ನದಲ್ಲ ಎನ್ನಲು ಬಾಯಿ ಬರಲಿಲ್ಲ. ಆ ನಾಚಿಕೆ ಇನ್ನೂ ಇದೆ.

ಕಾರಿನಲ್ಲಿ ಗಂಡನಿಗೆ ಹೇಳಿದೆ. "ಅಲ್ಲಿ ಬೇರೆ ಯಾರೂ ಹಾಡಿದ್ವಿಲ್ಲೆ. ನೀನೇ ಹಾಡಿದ್ದು. ಹೆದರಿಕೆಗೆ ಹಂಗೆ ಅನಸ್ತು" ಎಂದರು. ನಾನೇ ಬೇರೆಯವರಿಗೆ ಹೀಗೆ ಎಷ್ಟು ಸಲ ಹೇಳಿದ್ದೇನೋ. ಮನೆಗೆ ಬಂದು ವಿಡಿಯೊ ನೋಡಿದೆವು. ನಾನು ತಿರುಗುವುದು ಕಾಣುತ್ತದೆ, ಮುಖ ಕಾಣುವುದಿಲ್ಲ. ಸ್ವರ ಅಳೆಯುವ ಆ್ಯಪ್ ಹಾಕಿದೆ. ಮಾಸ್ತರು ಗುಟ್ಟಾಗಿ ಬಟನ್ ಒತ್ತಿರಬಹುದೆಂಬ ಆಸೆಯಿತ್ತು. ಬರೆದ ಜಾಗದಲ್ಲೇ ಇತ್ತು. ಇಯರ್‌ಫೋನ್ ಹಾಕಿಕೊಂಡು ಮತ್ತೆ ಕೇಳಿದೆ. ಸ್ವರ ಮೇಲೆ ನಿಂತಿರುವಾಗಲೇ, ಅದರ ಅಡಿಯಲ್ಲಿ, ನಾನು ಎರಡು ಸಲ ಕೆಮ್ಮುವುದು ಕೇಳಿಸಿತು. ಗಂಡನಿಗೆ ಕೊಟ್ಟೆ. ಅವರು ಕೇಳಿ, ಕಿವಿಯಿಂದ ತೆಗೆದು, ಮುಂದಿನ ಸಾಲಿನಲ್ಲಿ ಯಾರೋ ಕೆಮ್ಮಿದ್ದು ಎಂದರು. ಅನಂತರ ಆ ವಿಷಯ ಅವರು ಎತ್ತಿಲ್ಲ.

ಸೋಮವಾರ ಶಾಲೆ ಬಿಟ್ಟ ಮೇಲೆ ಟೀಚರ ಮನೆಗೆ ಹೋದೆ. ಅವರು ಬಾಗಿಲು ಹಾಕಿ ನನ್ನನ್ನು ಹತ್ತಿರ ಕೂರಿಸಿಕೊಂಡರು. "ನಿನ್ನ ಬಾಯಿ ಮುಚ್ಚಿತ್ತು. ನಾ ನೋಡ್ದೆ" ಎಂದರು.

ನನಗೆ ಅಳು ಬಂತು. ಒಬ್ಬರಾದರೂ ಕಂಡಿದ್ದಾರಲ್ಲ ಎಂಬ ಸಮಾಧಾನವೂ ಆಯಿತು. ಹಿಂದಿನ ರಾತ್ರಿಯಿಡೀ ನಾನು ಒಂದು ಉತ್ತರ ಕಟ್ಟಿಕೊಂಡಿದ್ದೆ. ಗಣಿತದವಳು ಆಡುವ ಮಾತಲ್ಲ ಅದು, ಆದರೂ ಕೇಳಿದೆ. "ಟೀಚರ್, ಅದು ನಿಮ್ಮ ಹಳೇ ದನಿಯಾ?" ಹೌದೆಂದಿದ್ದರೆ ನಂಬಿ ನೆಮ್ಮದಿಯಾಗಿರುತ್ತಿದ್ದೆ.

ಅವರು ಆ ಹಳದಿ ಹಾಳೆಗಳನ್ನು ತೆಗೆದು ಮಡಿಲಲ್ಲಿಟ್ಟುಕೊಂಡರು.

"ನಂದಲ್ಲ ತಂಗಿ. ನಾ ಅಲ್ಲಿಗೆ ಯಾವತ್ತೂ ಹೋದವಳೇ ಅಲ್ಲ. ಮುಂಬಯಿಲಿ ಹಾಡಿದ್ದು ಹೌದು. ಆ ಜಾಗ ಬಂದಾಗ ಪ್ರತಿ ಸಲ ಕೆಳಗಿನ ಸ್ವರ ತಕಂಡು ಮುಗ್ಸ್ತಿದ್ದೆ. ಅದ್ಕೇ ನಿನ್ನ ಹತ್ರ ಹಾಡ್ಸೂಕೆ ಹೊರಟದ್ದು."

ಹಾಗಾದರೆ ಯಾರದ್ದು ಎಂದು ಇಬ್ಬರೂ ಕೇಳಲಿಲ್ಲ. ಅವರು ಎದ್ದು ಹೋಗಿ ಚಾ ಮಾಡಿದರು.

ನನ್ನ ದನಿ ಉಳಿದಿದೆ. ಡಾಕ್ಟರು ಮತ್ತೆ ನೋಡಿ ಗಂಟು ಇದ್ದ ಹಾಗೇ ಇದೆ, ಹೆಚ್ಚಾಗಿಲ್ಲ ಎಂದರು. ಪಾಠ ಮಾಡುತ್ತೇನೆ, ಹೊನ್ನಾವರದ ಪೇಟೆಯಲ್ಲಿ ಈಗಲೂ ಯಾರಾದರೂ ತಡೆದು ಆ ಸ್ವರ ಹೊಗಳಿದರೆ ನಕ್ಕು ಮುಂದೆ ಹೋಗುತ್ತೇನೆ. ಆರಿಯಾವನ್ನು ಮತ್ತೆ ಹಾಡಿಲ್ಲ, ಟೀಚರ್ ಕೇಳಲೂ ಇಲ್ಲ. ಬೆಳಿಗ್ಗೆ ಮನೆಯಲ್ಲಿ ಒಬ್ಬಳೇ ತಂಬೂರಿ ಹಾಕಿಕೊಂಡು ಕುಳಿತಾಗ ತಾರದ ಪಂಚಮದವರೆಗೆ ಹೋಗಿ ನಿಲ್ಲಿಸುತ್ತೇನೆ. ನಿಲ್ಲಿಸಿ, ಉಸಿರು ಬಿಡದೆ, ಸ್ವಲ್ಪ ಹೊತ್ತು ಕಾಯುತ್ತೇನೆ. ಇಲ್ಲಿಯವರೆಗೆ ಯಾರೂ ಮುಂದುವರಿಸಿಲ್ಲ.