ಕೋಕಿಲಾ ಮಾಡಿಸಿದ ಬಾಣಂತನ

ಜಪಾನಿನ ಹಮಾಮತ್ಸುವಿನ ಆ ಅಪಾರ್ಟ್‌ಮೆಂಟಿನಲ್ಲಿ ಸಮಿತಿಯ ಸದಸ್ಯತ್ವವೆಂಬುದು ಕಸದ ಕೋಣೆ ತೊಳೆಯುವ ಪಾಳಿಯಂತೆ ಮನೆಯಿಂದ ಮನೆಗೆ ತಾನಾಗಿ ಬರುತ್ತದೆ. ಬೇಡವೆನ್ನುವಂತಿಲ್ಲ, ಬೇಕು ಎಂದವರೂ ಈವರೆಗೆ ಹುಟ್ಟಿರಲಿಲ್ಲ. ಈ ಏಪ್ರಿಲಿನಲ್ಲಿ ಸರದಿ ಮೂರನೆಯ ಮಹಡಿಯ ಹರಿಹರನಿಗೆ ಬಂತು. ಅವನು ಮೈಸೂರಿನ ಅಣ್ಣನಿಗೆ ಫೋನು ಮಾಡಿ, "ಎಲೆಕ್ಟ್ ಮಾಡಿದಾರೆ ಕಣೋ, ಫಸ್ಟ್ ಫಾರಿನರ್ ನಾನೇ" ಎಂದ. ಅಂದಿನಿಂದ ಅವನು ಲಿಫ್ಟಿನಲ್ಲಿ ನಿಲ್ಲುವ ಭಂಗಿಯೇ ಬದಲಾಯಿತು. ಬೈಕಿನ ಬಿಡಿಭಾಗಗಳ ಕಾರ್ಖಾನೆಯಲ್ಲಿ ಇಷ್ಟು ವರ್ಷ ದುಡಿದರೂ ಹೊರಬರದಿದ್ದ ಎದೆ ಒಂದೇ ವಾರದಲ್ಲಿ ಎರಡಂಗುಲ ಮುಂದೆ ಬಂದಿತ್ತು.

ಹೆಂಡತಿ ಕೋಕಿಲಾ ಇದನ್ನು ಕಂಡೂ ಕಾಣದಂತಿದ್ದಳು. ಅವಳ ಕೆಲಸ ಹತ್ತಿರದ ಶಿಶುವಿಹಾರದ ಅಡುಗೆಮನೆಯಲ್ಲಿ. ಗಂಡ ಪರೀಕ್ಷೆ ಬರೆದು ಜಪಾನೀಸ್ ಕಲಿತಿದ್ದರೆ ಅವಳು ಕಲಿತದ್ದು ಮೂರು ವರ್ಷದ ಮಕ್ಕಳಿಂದ. ಬೇಗ ತಿನ್ನು, ಕೈ ತೊಳಿ, ಪಾಪು ಅಳ್ತಿದೆ, ಇವತ್ತು ಊಟಕ್ಕೆ ಎಷ್ಟು ಜನ, ಆಗಲ್ಲ ಅಂದ್ರೆ ಆಗಲ್ಲ. ಇಷ್ಟರಲ್ಲೇ ಅವಳು ಬ್ಯಾಂಕು, ಆಸ್ಪತ್ರೆ, ಬೀದಿಮೂಲೆಯ ಕೊಂಬಿನಿ ಅಂಗಡಿ ಎಲ್ಲವನ್ನೂ ಸುಧಾರಿಸಿದ್ದಳು.

ಮೇ ತಿಂಗಳಲ್ಲಿ ಅವಳ ಬಾಲ್ಕನಿಯ ಕರಿಬೇವಿನ ಕುಂಡದಲ್ಲಿ ಒಂದು ಜೋಡಿ ಹಕ್ಕಿ ಸಂಸಾರ ಹೂಡಿತು. ಜಪಾನಿನವರು ಅದನ್ನು ಹಿಯೋದೋರಿ ಎನ್ನುತ್ತಾರೆ. ನಮ್ಮ ಪಿಕಳಾರದ ದಾಯಾದಿ. ಬಣ್ಣ ಬೂದಿ, ಕೆದರಿದ ತಲೆ, ಗಂಟಲು ಮಾತ್ರ ಸಂತೆಯದ್ದು. ಹರಿಹರ ನಿಯಮದಂತೆ ಕಟ್ಟಿಟ್ಟ ಹಳೆಯ ಪತ್ರಿಕೆಗಳ ಕಂತೆಯಿಂದಲೇ ಪ್ಲಾಸ್ಟಿಕ್ ದಾರವನ್ನು ಎಳೆದು ತಂದು ಅದು ಗೂಡು ಹೆಣೆಯಿತು. ಮೊಟ್ಟೆಯೊಡೆದು ಮರಿಗಳು ಬಂದ ಮೇಲೆ ಕೋಕಿಲಾ ಅಡುಗೆಮನೆಯ ಕಿಟಕಿ ಬಿಟ್ಟು ಕದಲಲಿಲ್ಲ. ಹಸಿರು ಹುಳು ಕಚ್ಚಿಕೊಂಡು ಬಂದ ತಾಯಿ ನೇರ ಗೂಡಿಗೆ ಇಳಿಯುವುದಿಲ್ಲ. ಕಂಬಿಯ ಮೇಲೆ ಕೂತು, ಆ ಕಡೆ ಈ ಕಡೆ ನೋಡಿ, ತನಗೂ ಈ ಮನೆಗೂ ಸಂಬಂಧವೇ ಇಲ್ಲವೆಂಬಂತೆ ನಟಿಸಿ, ಆಮೇಲೆ ಸರಕ್ಕನೆ ಎಲೆಯೊಳಗೆ ನುಗ್ಗುತ್ತದೆ. ಮೂರು ಬಾಯಿ ಒಟ್ಟಿಗೆ ತೆರೆಯುತ್ತವೆ. ತಂದೆಯೂ ತಿನ್ನಿಸುತ್ತದೆ, ಮರಿಗಳ ಹಿಕ್ಕೆಯನ್ನು ಕೊಕ್ಕಿನಲ್ಲೇ ಎತ್ತಿ ಹೊರಗೆ ಸಾಗಿಸುತ್ತದೆ.

"ನೋಡ್ರೀ, ಅವರಪ್ಪ ಡಯಾಪರ್ ಬದಲಾಯಿಸ್ತಿದಾನೆ. ನಮ್ಮ ಯಾಮಿನಿ ಹುಟ್ಟಿದಾಗ ನಿಮಗೆ ಓವರ್‌ಟೈಮ್ ಇತ್ತು ಅಲ್ವಾ?" ಎಂದಳು ಕೋಕಿಲಾ.

ಹರಿಹರನ ಗಮನ ಬೇರೆ ಕಡೆಯಿತ್ತು. ಕಟ್ಟಡಕ್ಕೆ ಹೊಸ ಬಣ್ಣ ಬಳಿಯಲು ಸಮಿತಿ ನಿರ್ಧರಿಸಿತ್ತು. ಸುತ್ತ ಅಟ್ಟಣೆ ಕಟ್ಟಿ, ಮೇಲಿಂದ ಕೆಳಗಿನವರೆಗೆ ಬಲೆ ಇಳಿಬಿಡುತ್ತಾರೆ. ಬಾಲ್ಕನಿಯಲ್ಲಿ ಒಂದು ಚಪ್ಪಲಿಯೂ ಉಳಿಯಕೂಡದು. ಮೂರನೆಯ ಮಹಡಿ ಎಲ್ಲರಿಗಿಂತ ಮೊದಲು ಖಾಲಿಯಾಗುತ್ತದೆಂದು ಹರಿಹರ ಸಭೆಯಲ್ಲಿ ಎದ್ದು ನಿಂತು ಮಾತು ಕೊಟ್ಟಿದ್ದ. ಹಾಗೆ ಮಾತು ಕೊಡೆಂದು ಯಾರೂ ಕೇಳಿರಲಿಲ್ಲ.

"ಕುಂಡ ತೆಗಿ ಕೋಕಿಲಾ. ಮರ್ಯಾದೆ ಪ್ರಶ್ನೆ."

"ಬಾಣಂತಿ ಇದಾಳೆ ಮನೇಲಿ. ಬಾಣಂತಿ ಇರೋ ಮನೆಗೆ ಬಲೆ ಹಾಕ್ತಾರಾ ಯಾರಾದ್ರೂ?"

"ಹೆಸರು ನೋಡಿದ್ರೆ ಕೋಕಿಲಾ. ಕೋಗಿಲೆ ಯಾವತ್ತು ಗೂಡು ಕಟ್ಟಿದೆ, ಮರಿ ಸಾಕಿದೆ? ನಿಂಗ್ಯಾಕೆ ಈ ಉಸಾಬರಿ?"

"ಕೋಗಿಲೆ ಬೆಳೆಯೋದು ಕಾಗೆ ಗೂಡಲ್ಲಿ. ಅದಕ್ಕೇ ನಿಮ್ಮನೇಲಿದೀನಿ."

ಒಳಕೋಣೆಯಿಂದ ಮಗಳು ಯಾಮಿನಿ, "ಅಮ್ಮ ಒನ್, ಅಪ್ಪ ಜೀರೋ" ಎಂದಳು.

ಮುಂದಿನ ಸಭೆಗೆ ಕೋಕಿಲಾ ತಾನೇ ಹೋದಳು. ಕರೆಯದಿದ್ದರೂ ಹೋಗಬಹುದಿತ್ತು, ಹೋಗುವ ಚಟ ಯಾರಿಗೂ ಇರಲಿಲ್ಲ ಅಷ್ಟೆ. ಅಧ್ಯಕ್ಷ ತೆರಾದಾ ಸಾನ್ ಎಪ್ಪತ್ತು ದಾಟಿದ ಸಣಕಲು ಮನುಷ್ಯ. ಅವರು ಮೂರನೆಯ ಮಹಡಿಯ ವರದಿ ಕೇಳಿದರು. ಹರಿಹರ ಕೋಟಿನ ಗುಂಡಿ ಹಾಕಿಕೊಂಡು ಏಳುವಷ್ಟರಲ್ಲಿ ಕೋಕಿಲಾ ಎದ್ದು ತನ್ನ ಶಿಶುವಿಹಾರದ ಜಪಾನೀಸಿನಲ್ಲಿ ಹೇಳಿಬಿಟ್ಟಳು:

"ನಮ್ಮನೇಲಿ ಪಾಪು ಹುಟ್ಟಿದೆ. ಬಾಲ್ಕನಿ ಆಗಲ್ಲ."

ಒಂದು ಗಳಿಗೆ ಎಲ್ಲರೂ ಕಣ್ಣು ಕಣ್ಣು ಬಿಟ್ಟರು. ಆಮೇಲೆ ಚಪ್ಪಾಳೆ. ಶುಭಾಶಯ, ಶುಭಾಶಯ! ಯಾರೋ ಹರಿಹರನ ನರೆತ ತಲೆಯತ್ತ ಹೊಸ ಗೌರವದಿಂದ ನೋಡಿದರು.

"ಒಂದಲ್ಲ, ಮೂರು ಜನ" ಎಂದು ಕೋಕಿಲಾ ಬೆರಳೆತ್ತಿ ತೋರಿಸಿದಳು.

ಚಪ್ಪಾಳೆ ನಿಂತೇಹೋಯಿತು. ಹರಿಹರನ ಕಿವಿ ಕೆಂಪಾದವು. "ಜನ ಅಲ್ಲ ಕಣೇ! ಹಕ್ಕಿಗೆ ಬೇರೆ ಲೆಕ್ಕ ಇದೆ ಈ ಭಾಷೇಲಿ. ವಾ ಅನ್ಬೇಕು, ಮೂರಕ್ಕೆ ಸಾನ್ ವಾ!" ಎಂದು ಕನ್ನಡದಲ್ಲಿ ಹಲ್ಲು ಕಚ್ಚಿ, ಸಭೆಗೆ ತಲೆ ಬಾಗಿಸಿ, ಹಿಯೋದೋರಿಯ ಕಥೆಯನ್ನು ಶುದ್ಧ ಜಪಾನೀಸಿನಲ್ಲಿ ಒಪ್ಪಿಸಿದ.

ಎಲ್ಲರ ಉಸಿರೂ ಹಗುರಾಯಿತು. "ಓ, ಹಕ್ಕಿಯೇ? ಹಾಗಾದರೆ ಕುಂಡವನ್ನು ಕೆಳಗಿನ ತೋಟಕ್ಕೆ ಇಳಿಸಬಹುದಲ್ಲ" ಎಂದು ತೆರಾದಾ ಸಾನ್ ನಕ್ಕರು.

"ಅಮ್ಮ ಬರಲ್ಲ. ಪಾಪು ಸಾಯುತ್ತೆ. ದಮೆ."

ಆ ಕೋಣೆಯಲ್ಲಿ ಯಾರೂ ಎಂದೂ ಹಾಗೆ 'ಆಗಲ್ಲ' ಅಂದವರಲ್ಲ. ಆಗದ್ದಕ್ಕೆ ಅಲ್ಲಿ 'ಸ್ವಲ್ಪ ಕಷ್ಟ…' ಎಂದು ರಾಗ ಎಳೆಯುತ್ತಾರೆ. ದಮೆ ಎನ್ನುವುದು ಸಾಕ್ಸ್ ಬಾಯಿಗಿಟ್ಟ ಮಗುವಿಗೆ ಹೇಳುವ ಮಾತು.

"ಹಕ್ಕಿ ಮೂರು…" ಎಂದು ತೆರಾದಾ ಸಾನ್ ಸರಿಯಾದ ಲೆಕ್ಕದಲ್ಲಿ ಶುರುಮಾಡಿದರು.

"ಮೂರು ಜನ" ಎಂದಳು ಕೋಕಿಲಾ. ಈ ಸಲ ತಿಳಿದೇ ಹೇಳಿದಳು. ಗಂಡನ ಕಡೆ ತಿರುಗಿ, "ನೀವು ತಿದ್ದಬೇಡಿ. ನಂಗೆ ಗೊತ್ತಾಯ್ತು. ಆದ್ರೂ ಜನಾನೇ" ಎಂದಳು.

ಅಧ್ಯಕ್ಷರು ಹಲ್ಲುಸಂದಿಯಲ್ಲಿ ಗಾಳಿ ಎಳೆದುಕೊಂಡು, "ಯೋಚಿಸೋಣ" ಎಂದರು.

"ಯೋಚಿಸೋಣ ಅಂದ್ರೆ ನೋ ಅಂತ ಅರ್ಥ" ಎಂದು ಮೆಟ್ಟಿಲ ಮೇಲೆ ಹರಿಹರ ಬಿಡಿಸಿ ಹೇಳಿದ.

"ನಂಗೆ ಅಷ್ಟೊಂದು ಜಪಾನೀಸ್ ಬರಲ್ಲ. ಯೋಚಿಸ್ಲಿ ಬಿಡಿ."

ಬಲೆ ಹಾಕುವ ದಿನ ಹರಿಹರನಿಗೆ ಕಾರ್ಖಾನೆಯಲ್ಲಿ ಇದ್ದಕ್ಕಿದ್ದಂತೆ ತುರ್ತು ಮೀಟಿಂಗ್ ಒದಗಿ, ಅವನು ತಿಂಡಿಯನ್ನೂ ತಿನ್ನದೆ ಓಡಿದ. ಕೋಕಿಲಾ ರಜೆ ಹಾಕಿ, ಅಡುಗೆಮನೆಯ ಸ್ಟೂಲನ್ನು ಬಾಲ್ಕನಿಯಲ್ಲಿಟ್ಟು, ಕುಂಡದ ಪಕ್ಕ ಕೂತಳು. ಅಟ್ಟಣೆಯ ಮೇಲೆ ಹಳದಿ ಹೆಲ್ಮೆಟ್ಟಿನ ಕೆಲಸಗಾರನೊಬ್ಬ ಬಲೆಯ ಸುರುಳಿ ಹೊತ್ತು ಬಂದ. ಅವಳು ಒಳಗೆ ಹೋಗಬೇಕೆಂದು ಬಹಳ ವಿನಯವಾಗಿ ಕೇಳಿಕೊಂಡ.

"ದಮೆ."

ಅವನು ಕೆಳಗೆ ಕೂಗಿದ. ತೆರಾದಾ ಸಾನ್ ಮನೆಯ ಚಪ್ಪಲಿಯಲ್ಲೇ ಅಂಗಳಕ್ಕೆ ಬಂದು, ಕತ್ತು ಮೇಲೆತ್ತಿ ನಿಂತರು. ಬಲೆ ಹಾಕಿದರೆ ತಾಯಿ ಹೊರಗೆ, ಮರಿ ಒಳಗೆ. ಕೋಕಿಲಾ ಎದ್ದರೆ ಬಲೆ ಬೀಳುತ್ತದೆ. ಅವಳು ಸ್ಟೂಲನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು.

ಅಷ್ಟರಲ್ಲಿ ತಾಯಿ ಬಂತು. ಬಾಯಲ್ಲಿ ಹುಳು. ಎಂದಿನಂತೆ ಅಪರಿಚಿತಳ ಹಾಗೆ ನಟಿಸಲು ಅದಕ್ಕೆ ವ್ಯವಧಾನವಿರಲಿಲ್ಲ. ಅಟ್ಟಣೆಯ ಕೊಳವೆಯ ಮೇಲೆ, ಹೆಲ್ಮೆಟ್ಟಿನಿಂದ ಒಂದು ಗೇಣು ದೂರದಲ್ಲಿ ಕೂತು, ಕೊಕ್ಕಿನಲ್ಲಿದ್ದ ಹುಳು ಬೀಳದಂತೆಯೇ ಇಡೀ ಬೀದಿಗೆ ಕೇಳುವಂತೆ ಕಿರುಚಿತು.

ಕೆಲಸಗಾರ ಹಕ್ಕಿಗೆ ತಲೆ ಬಾಗಿಸಿ, "ಸುಮಿಮಾಸೆನ್" ಎಂದು ಕ್ಷಮೆ ಕೇಳಿ ಒಂದು ಮೆಟ್ಟಿಲು ಕೆಳಗಿಳಿದ. ತೆರಾದಾ ಸಾನರನ್ನು ನೋಡಿದ. ಅವರು ಬಹಳ ಹೊತ್ತು ಯೋಚಿಸಿದರು; ಈ ಸಲ ನಿಜವಾಗಿಯೇ ಯೋಚಿಸಿದಂತಿತ್ತು. ಕೊನೆಗೆ ಕೈಯೆತ್ತಿ, ಬಲೆಯನ್ನು ಮೇಲಕ್ಕೆ ಸುತ್ತಿ ಕಟ್ಟುವಂತೆ ಸನ್ನೆ ಮಾಡಿದರು.

ಹಕ್ಕಿ ಸರಕ್ಕನೆ ಎಲೆಯೊಳಗೆ ನುಗ್ಗಿತು. ಮೂರು ಬಾಯಿ ತೆರೆದವು.

ಕೋಕಿಲಾ ಮಾತ್ರ ಸ್ಟೂಲು ಬಿಟ್ಟು ಏಳಲಿಲ್ಲ. ಬಲೆಯವನೇನೋ ಹೋದ, ನಾಲ್ಕನೆಯ ಮಹಡಿಯಿಂದ ಬಣ್ಣದವನು ಇಳಿಯುತ್ತಿದ್ದ.